ಹೆಸರಿಲ್ಲದ ಸುಳಿವು

1976ರಲ್ಲಿ ಅಮೇರಿಕಾದ ಆಲ್ಬುಕರ್ಕಿ ನಗರದ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ವಾರಗಳು ಕಳೆದರೂ ಸುಳಿವಿಲ್ಲ. ಗ್ರೆಗ್ ಮ್ಯಾಕ್‌ಅಲೀಸ್ ಎಂಬ ಪೋಲೀಸರು ಆ ಘಟನೆಯನ್ನು ಟೆಲಿವಿಷನ್ನಿನಲ್ಲಿ ಅಭಿನಯದಿಂದ ತೋರಿಸಿ, ಸುಳಿವು ಕೊಟ್ಟವರ ಹೆಸರು ಕೇಳುವುದಿಲ್ಲ, ಬಹುಮಾನವನ್ನೂ ಕೊಡುತ್ತೇವೆ ಎಂದು ಸಾರಿದರು. ಕರೆ ಬಂದಿತು, ಕೊಲೆಗಾರರು ಸಿಕ್ಕಿದರು. ‘ಕ್ರೈಂ ಸ್ಟಾಪರ್ಸ್’ ಎಂಬ ಆ ಪದ್ಧತಿ ಇಂದು ಹಲವು ದೇಶಗಳಲ್ಲಿದೆ. ಹೇಳಿದವನಿಗೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ.

ಕಾಯಕವಿಲ್ಲದೆ ಬರುವ ಈ ಹಣ ಮೊದಲು ನಮಗೆ ರುಚಿಸಲಿಲ್ಲ. ಆದರೆ ಹಣವು ಉದಾಸೀನನಿಗಾಗಿ, ಹೆಸರಿನ ಗೋಪ್ಯವು ಅಂಜಿದವನಿಗಾಗಿ. ಮನೆಯಲ್ಲಿ ಮಕ್ಕಳುಳ್ಳವನು ಕೊಲೆಗಡುಕನಿಗೆ ಅಂಜುವುದು ಪಾಪವೆ?

ಇನ್ನು ಚಾಡಿಯ ಮಾತು. ಹೆಸರಿಲ್ಲದ ನಾಲಗೆ ಹಗೆಯನ್ನೂ ತೀರಿಸಿಕೊಳ್ಳಬಲ್ಲದು. ಅದಕ್ಕಾಗಿಯೇ ಅಲ್ಲಿ ಸುಳಿವು ಪುರಾವೆಯಲ್ಲ. ಪೋಲೀಸರು ತಾವೇ ಶೋಧಿಸಬೇಕು. ಬಂಧನವಾದ ಮೇಲೆಯೇ ಹಣ.