ಮಾರುವ ತಿಂಗಳು, ಕೊಳ್ಳುವ ತಿಂಗಳು



2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012 ಮೂಲವರ್ಷದ ಸರಣಿಯಲ್ಲೇ ಅಷ್ಟು ಕಡಿಮೆ ಅಂಕಿ ಬಂದಿರಲಿಲ್ಲ. ಆಹಾರದ ಬೆಲೆಯಂತೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 5ರಷ್ಟು ಕೆಳಗಿತ್ತು. ಶಹರದ ಮನೆಗಳಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಅದೇ ವರ್ಷದ ಆರಂಭದಲ್ಲಿ ತೊಗರಿ ಮಾರಿದವರು ಏನು ಕಂಡರು? ಬೆಂಬಲ ಬೆಲೆ ಕ್ವಿಂಟಲ್‌ಗೆ ₹7,550 ಇತ್ತು. ಅದರ ಮೇಲೆ ರಾಜ್ಯ ಸರ್ಕಾರ ₹450 ಸೇರಿಸಬೇಕಾಯಿತು. ಅತ್ತ ಸುಂಕವಿಲ್ಲದೆ ಹೊರದೇಶದ ತೊಗರಿ ಬರುತ್ತಲೇ ಇತ್ತು. ಪೇಟೆಯಲ್ಲಿ ಬೇಳೆ ಅಗ್ಗವಾಯಿತೆಂದರೆ ನಮ್ಮ ಹೊಲದಲ್ಲಿ ಯಾರಿಗೋ ಹೊಡೆತ ಬಿದ್ದಿದೆ ಎಂದೇ ಅರ್ಥ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಮಾರುವವರೂ ಕೊಳ್ಳುವವರೂ ಬಹುಪಾಲು ಒಂದೇ ಮನೆಯವರು. ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುತ್ತಿದ್ದಂತೆ ಬೀಜ, ಗೊಬ್ಬರದ ಬಾಕಿ ಬಾಗಿಲಿಗೆ ಬಂದು ನಿಂತಿರುತ್ತದೆ. ಚೀಲಗಳು ನೇರ ಅಡತಿ ಅಂಗಡಿಗೆ ಹೋಗುತ್ತವೆ. ಮುಂದೆ ಮಿರಗದ ಮಳೆ ಬೀಳುವ ಹೊತ್ತಿಗೆ ಅದೇ ಮನೆಯವರು ಕಿರಾಣಿ ಅಂಗಡಿಯಲ್ಲಿ ಪಾವು ಕೆಜಿ ಬೇಳೆ ಕಟ್ಟಿಸಿಕೊಳ್ಳುತ್ತಾರೆ. ಮಾರಿದ ತಿಂಗಳಿಗೂ ಕೊಂಡ ತಿಂಗಳಿಗೂ ನಡುವೆ ಬೆಲೆ ಎಷ್ಟು ಏರಿತು ಎಂಬುದೇ ಆ ಮನೆಯ ನಿಜವಾದ ಹಣದುಬ್ಬರ. ಪತ್ರಿಕೆಯ ತಲೆಬರಹಕ್ಕೆ ಏರುವ ದರ ಅಕ್ಟೋಬರ್ ತಿಂಗಳನ್ನು ಹಿಂದಿನ ಅಕ್ಟೋಬರ್ ಜೊತೆ ಹೋಲಿಸುತ್ತದೆ, ಜನವರಿಯನ್ನು ಹಿಂದಿನ ಜನವರಿ ಜೊತೆ. ನಡುವಿನ ಈ ಅಂತರ ಅಲ್ಲಿ ಕಾಣುವುದೇ ಇಲ್ಲ. ಆ ಅಂಕಿಯೂ ರಾಜ್ಯಮಟ್ಟದಲ್ಲಿ, ಗ್ರಾಮೀಣ ಮತ್ತು ನಗರ ಎಂದು ನಿಂತುಬಿಡುತ್ತದೆ, ತಾಲ್ಲೂಕಿನವರೆಗೆ ಇಳಿಯುವುದಿಲ್ಲ. ಸಂತೆ ಸಂತೆ ತಿರುಗಿ ದರ ಬರೆದುಕೊಂಡು ನಾವು ತಿಂಗಳ ದರಪಟ್ಟಿ ಹಿಡಿದು ಕೂತಿರುವುದು ಅದಕ್ಕೇ.

ದರ ಬರೆಯುವುದು ಸುಲಭವೇನಲ್ಲ. ಬರೀ ‘ಜೋಳ’ ಎಂದು ಬರೆದರೆ ಈ ಸೀಮೆಯಲ್ಲಿ ಏನೂ ಬರೆದಂತಾಗುವುದಿಲ್ಲ. ಹಿಂಗಾರಿಯ ಮಾಲದಂಡಿ ಬಿಳಿಜೋಳವೇ? ಹೈಬ್ರಿಡ್ಡೇ? 2025-26ರ ಬೆಂಬಲ ಬೆಲೆಯಲ್ಲಿ ಹೈಬ್ರಿಡ್‌ಗೆ ₹3,699, ಮಾಲದಂಡಿಗೆ ₹3,749. ಸರ್ಕಾರದ ಕಣ್ಣಿಗೆ ಅಂತರ ಕ್ವಿಂಟಲ್‌ಗೆ ಐವತ್ತೇ ರೂಪಾಯಿ. ರೊಟ್ಟಿ ಬಡಿಯುವವರನ್ನು ಕೇಳಿ ನೋಡಿ! ಒಂದು ತಿಂಗಳು ಬಿಳಿಜೋಳ, ಮರುತಿಂಗಳು ಹೈಬ್ರಿಡ್ ಬರೆದುಕೊಂಡು ಬಂದರೆ ಬೆಲೆ ಇಳಿದಂತೆ ಕಾಣುತ್ತದೆ. ಇಳಿದದ್ದು ಕಾಳಿನ ಗುಣ. ಹೊತ್ತೂ ಹಾಗೆಯೇ: ಸಂತೆಯಲ್ಲಿ ಬೆಳಗಿನ ಬದನೆಕಾಯಿಯ ದರ ಬೇರೆ, ಗಂಟು ಕಟ್ಟುವ ಸಂಜೆಯ ದರ ಬೇರೆ. ಕೂಲಿ ಮುಗಿಸಿ ಬರುವವರು ಕೊಳ್ಳುವುದು ಸಂಜೆಗೆ. ಇನ್ನು ಉದ್ರಿ. ಅಂಗಡಿಯವರು ಎರಡು ದರ ಹೇಳುವುದಿಲ್ಲ ನಿಜ, ಆದರೆ ಹಳೆ ಬಾಕಿ ಇದ್ದವರಿಗೆ ಚೌಕಾಸಿ ಮಾಡುವ ಬಾಯಿ ಎಲ್ಲಿಯದು?

1884ರ ಮುಂಬಯಿ ಪ್ರಾಂತದ ಬಿಜಾಪುರ ಗೆಜೆಟಿಯರ್‌ನಲ್ಲಿ ಬೆಲೆ ಹೇಳುವ ಕ್ರಮವೇ ತಿರುಗುಮುರುಗು. ಒಂದು ರೂಪಾಯಿಗೆ ಎಷ್ಟು ಜೋಳ ಬರುತ್ತದೆ ಎಂಬ ಲೆಕ್ಕ ಅದು. ರೂಪಾಯಿ ಅಲುಗಾಡದೆ ನಿಲ್ಲುತ್ತದೆ, ಕಾಳು ಕರಗುತ್ತದೆ. 1876-78ರ ಬರ ಈ ಜಿಲ್ಲೆಯನ್ನು ಹಿಂಡಿದ್ದನ್ನು ಆ ಲೆಕ್ಕದಲ್ಲಿ ಓದಿದರೆ ಎದೆ ನಡುಗುತ್ತದೆ. ಆ ಲೆಕ್ಕ ಹೋಯಿತೆಂದು ತಿಳಿಯಬೇಡಿ, ಕಿರಾಣಿ ಅಂಗಡಿಗೆ ಮರಳಿ ಬಂದಿದೆ. ಐದು ರೂಪಾಯಿಯ ಬಿಸ್ಕೀಟ್ ಪೊಟ್ಟಣ ಇಂದಿಗೂ ಐದೇ ರೂಪಾಯಿ; ಒಳಗಿನ ಬಿಸ್ಕೀಟು ಮಾತ್ರ ಕಡಿಮೆ. ಲೀಟರ್ ಎಣ್ಣೆ ಎಂದರೆ 910 ಗ್ರಾಂ. ಅದರ ಪಕ್ಕದಲ್ಲೇ 850, 800 ಗ್ರಾಂ ಪಾಕೀಟು ಅಷ್ಟೇ ದಪ್ಪಗೆ ಕೂತಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ತೂಕದ ಅಂಕಣ ಖಾಲಿ ಬಿಟ್ಟವರ ದರವನ್ನು ನಾನು ನಂಬುವುದಿಲ್ಲ.

ಒಂದು ಮಾತು ನಡುವೆ ಸೇರಿಸುತ್ತೇನೆ. ಹಳೆಯ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಬೇರೆಯಾಗಿವೆ. ಹಳೆಯ ಪಟ್ಟಿಗೆ ಹೊಸದನ್ನು ಜೋಡಿಸುವಾಗ ತಾಲ್ಲೂಕಿನ ಹೆಸರಿಗಿಂತ ಸಂತೆಯ ಹೆಸರನ್ನೇ ಹಿಡಿಯಿರಿ.

ಕೊನೆಗೆ, ನನಗೇ ಬಗೆಹರಿಯದ ಪ್ರಶ್ನೆಯೊಂದನ್ನು ಇಂದಿನ ಮೊದಲ ಗೋಷ್ಠಿಗೆ ಬಿಡುತ್ತೇನೆ. ಕೈಯಲ್ಲಿ ನಾಲ್ಕು ಕಾಸಿರುವ ಮನೆಯವರು ಸುಗ್ಗಿಯಲ್ಲೇ ವರ್ಷದ ಜೋಳ ತುಂಬಿಕೊಳ್ಳುತ್ತಾರೆ. ಆಮೇಲೆ ಅವರು ತಿಂಗಳು ತಿಂಗಳು ಕೊಡುವುದು ಗಿರಣಿಯ ಬೀಸುವ ಕೂಲಿ ಮಾತ್ರ. ಗುಳೆ ಹೋಗಿ ಬಂದವರು ಶ್ರಾವಣದಲ್ಲಿ ಅದೇ ಜೋಳವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಶ್ರಾವಣದ ಜೋಳದ ದರ ಏರಿದಾಗ, ನಮ್ಮ ದರಪಟ್ಟಿಯಿಂದ ಕಟ್ಟುವ ಬೆಲೆ ಸೂಚ್ಯಂಕದಲ್ಲಿ ಅದಕ್ಕೆ ಯಾರ ಮನೆಯ ತೂಕ ಕೊಡೋಣ?