ಹೊಟ್ಟೆಯೊಳಗಿನ ಕೆಲಸಗಾರರು

(ಉಳವಿಯ ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಂಡವರು ಯಾರು?

ನಗ್ತಾ ಇದ್ದೀರಿ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಗಂಡಸರು ಉಂಡರು. ಮಕ್ಕಳು ಉಂಡರು. ಆಮೇಲೆ ನೀವು ಕೂತಿರಿ. ಅಷ್ಟರಲ್ಲಿ ಪಲ್ಯ ಮುಗಿದಿತ್ತು. ಉಳಿದದ್ದು ಅನ್ನ, ತಿಳಿ ಸಾರು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೇನೆ.

ನಮ್ಮ ದೊಡ್ಡ ಕರುಳಿನಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಇವೆ. ಅವು ಕಣ್ಣಿಗೆ ಕಾಣೋದಿಲ್ಲ.

"ಹೊಟ್ಟೆಯಲ್ಲಿ ಹುಳ ಅಂತೀರಾ ಅಕ್ಕೋರೆ?" ಅಂತ ಅಜ್ಜಿ ಕೇಳ್ತಾ ಇದ್ದಾರೆ. ಅಲ್ಲ ಅಜ್ಜಿ. ಜಂತುಹುಳ ಬೇರೆ. ಅದು ನಮ್ಮ ಶಕ್ತಿ ಕಸಿದುಕೊಳ್ತದೆ. ಇವು ನಮಗೆ ಕೆಲಸ ಮಾಡಿಕೊಡ್ತವೆ. ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀರಿ. ಬೆಳಿಗ್ಗೆ ಮೊಸರು ಆಗಿರ್ತದೆ. ಮಾಡಿದವರು ಯಾರು? ಹೆಪ್ಪಿನಲ್ಲಿದ್ದ ಸೂಕ್ಷ್ಮಜೀವಿಗಳು. ಅಂಥ ಕೆಲಸಗಾರರು ಕರುಳಲ್ಲೂ ಇದ್ದಾರೆ. ನೂರಾರು ಬಗೆಯವರು ಇದ್ದಾರೆ.

ಅವರಿಗೆ ಕೂಲಿ ಏನು? ನಮ್ಮ ಊಟದ ನಾರು. ಸಕ್ಕರೆ, ಎಣ್ಣೆ, ಬಿಳಿ ಅನ್ನ ಹೆಚ್ಚಾಗಿ ಸಣ್ಣ ಕರುಳಲ್ಲೇ ಕರಗಿ ಮೈಗೆ ಸೇರ್ತದೆ. ಸೊಪ್ಪು, ಕಾಳು, ಗೆಡ್ಡೆ, ಹಣ್ಣಿನಲ್ಲಿ ನಾರು ಇರ್ತದೆ. ಅದನ್ನು ಕರಗಿಸೋ ಶಕ್ತಿ ನಮ್ಮ ಮೈಗೆ ಇಲ್ಲ. ಅದು ದೊಡ್ಡ ಕರುಳಿಗೆ ಇಳೀತದೆ. ಅಲ್ಲಿ ಈ ಜೀವಿಗಳು ಅದನ್ನು ತಿಂತವೆ. ತಿಂದು ಒಂದು ಬಗೆಯ ಆಮ್ಲ ಮಾಡ್ತವೆ. ಆ ಆಮ್ಲವೇ ಕರುಳಿನ ಗೋಡೆಗೆ ಊಟ. ಗೋಡೆ ಗಟ್ಟಿ ಇದ್ದರೆ ರೋಗಾಣು ಒಳಗೆ ನುಗ್ಗೋದು ಕಷ್ಟ. ಮಲವೂ ಸಲೀಸಾಗಿ ಹೋಗ್ತದೆ. ಕೆಲವು ಜೀವಿಗಳು ವಿಟಮಿನ್ ಕೂಡ ಮಾಡ್ತವೆ.

ತಾಯಿಯ ಹಾಲಿನ ಸಂಗತಿ ಕೇಳಿ. ಅದರಲ್ಲಿ ಒಂದು ಬಗೆಯ ಸಕ್ಕರೆ ಇದೆ. ಕೂಸಿಗೆ ಅದು ಜೀರ್ಣ ಆಗೋದಿಲ್ಲ. ಮತ್ತೆ ಯಾಕೆ ಇದೆ? ಕೂಸಿನ ಕರುಳಲ್ಲಿರುವ ಒಳ್ಳೆಯ ಜೀವಿಗಳಿಗಾಗಿ. ತಾಯಿ ಕೂಸಿಗೂ ಉಣಿಸ್ತಾಳೆ, ಅದರ ಕೆಲಸಗಾರರಿಗೂ ಉಣಿಸ್ತಾಳೆ. ಅದಕ್ಕೇ ಮೊದಲ 6 ತಿಂಗಳು ಕೂಸಿಗೆ ಎದೆಹಾಲು ಮಾತ್ರ ಕೊಡಬೇಕು.

ಊಟ ಬದಲಾದರೆ ಕರುಳೂ ಬದಲಾಗ್ತದೆ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ದಕ್ಷಿಣ ಆಫ್ರಿಕದ ಹಳ್ಳಿಯ 20 ಜನರನ್ನು ಆರಿಸಿದರು. ಅಮೆರಿಕದಲ್ಲಿರುವ ಆಫ್ರಿಕ ಮೂಲದ 20 ಜನರನ್ನು ಆರಿಸಿದರು. ಎರಡು ವಾರ ಅವರ ಊಟ ಅದಲು ಬದಲು ಮಾಡಿದರು. ಹಳ್ಳಿಯವರಿಗೆ ಮಾಂಸ, ಕೊಬ್ಬು ಹೆಚ್ಚಿರುವ ಊಟ. ಅಮೆರಿಕದವರಿಗೆ ನಾರು ಹೆಚ್ಚಿರುವ ಹಳ್ಳಿ ಊಟ. 2015ರಲ್ಲಿ ಅದರ ಫಲ ತಿಳಿಸಿದರು. ಅಮೆರಿಕದವರ ಕರುಳಿನ ಉರಿಯೂತ ಕಡಿಮೆ ಆಗಿತ್ತು. ಹಳ್ಳಿಯವರ ಕರುಳು ಕೆಡುವ ಲಕ್ಷಣ ತೋರಿಸಿತ್ತು. ಅದೂ ಎರಡೇ ವಾರದಲ್ಲಿ!

ಈಗ ನಮ್ಮ ಊರಿಗೆ ಬರೋಣ. ಉಳವಿ ಚನ್ನಬಸವೇಶ್ವರ ಜಾತ್ರೆಗೆ ಬಯಲು ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರ್ತಾರೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರ್ತಾರೆ. ಅದು ಅವರ ನೆಲದ ಊಟ. ನಮ್ಮ ನೆಲದ ಊಟ ಯಾವುದು? ಗೆಣಸು, ಕೆಸುವಿನ ಗೆಡ್ಡೆ, ಮುಡ್ಲಿ, ಸುವರ್ಣಗೆಡ್ಡೆ. ಜೋಯಿಡಾದ ಗೆಡ್ಡೆ ಗೆಣಸಿನ ಮೇಳದಲ್ಲಿ ಕುಣಬಿ ಜನ ಬೆಳೆದ ಗೆಡ್ಡೆಗಳನ್ನು ಪೇಟೆಯವರು ಮುಗಿಬಿದ್ದು ಕೊಳ್ತಾರೆ.

ಮಾರಿ, ಬೇಡ ಅನ್ನೋದಿಲ್ಲ. ನಾಲ್ಕು ಕಾಸು ಬೇಕು. ಆದರೆ ಗೆಡ್ಡೆ ಎಲ್ಲ ಮಾರಿ, ಆ ದುಡ್ಡಲ್ಲಿ ಮಕ್ಕಳಿಗೆ ಬಿಸ್ಕತ್ತು, ಕುರುಕಲು ಪೊಟ್ಟಣ ತರೋದು ಯಾವ ಲೆಕ್ಕ? "ಗೆಡ್ಡೆ ಬಡವರ ಊಟ" ಅಂತ ಮಕ್ಕಳು ನಾಚ್ತಾರೆ. ನಾಚಿಕೆ ಬೇಡ ಅಂತ ನೀವೇ ಹೇಳಿ. ಮೊದಲು ಮನೆಯ ಪಾಲು ತೆಗೆದಿಡಿ. ಆಮೇಲೆ ಮಾರಿ.

ಕೆಲವು ಎಚ್ಚರಿಕೆ ಇವೆ.

ಕೆಸುವನ್ನು ಹುಣಸೆಹುಳಿ ಇಲ್ಲವೆ ಮುರುಗಲು ಹಾಕಿ ಚೆನ್ನಾಗಿ ಬೇಯಿಸಿ. ಇಲ್ಲದಿದ್ದರೆ ಗಂಟಲು ತುರಿಸ್ತದೆ.

ಗುರುತಿಲ್ಲದ ಕಾಡುಗೆಡ್ಡೆ ತಿನ್ನಬೇಡಿ.

ನಾರಿನ ಊಟ ಒಮ್ಮೆಲೇ ಹೆಚ್ಚು ಮಾಡಿದರೆ ಹೊಟ್ಟೆ ಉಬ್ಬರಿಸ್ತದೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನೀರು ಕುಡೀರಿ.

ಸಕ್ಕರೆ ಕಾಯಿಲೆ ಇದ್ದವರು ಗೆಡ್ಡೆ ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿ.

ನೆಗಡಿ ಬಂತು ಅಂತ ಅಂಗಡಿಯಿಂದ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗಬೇಡಿ. ನೆಗಡಿಗೆ ಅದು ನಾಟೋದಿಲ್ಲ. ಒಳ್ಳೆಯ ಜೀವಿಗಳೂ ಸಾಯ್ತವೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ, ಹೇಳಿದಷ್ಟು ದಿನ ತಗೊಳ್ಳಿ.

ಊಟವೇ ಎಲ್ಲ ರೋಗಕ್ಕೂ ಮದ್ದಲ್ಲ. ಮಲದಲ್ಲಿ ರಕ್ತ ಕಂಡರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಈಗ ಮೊದಲಿನ ಪ್ರಶ್ನೆಗೆ ಬರ್ತೇನೆ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡರೆ ನಿಮ್ಮ ಕೆಲಸಗಾರರಿಗೆ ಕೂಲಿ ಎಲ್ಲಿ? ಮಲ ಕಟ್ಟುತ್ತದೆ. ಮೈಗೆ ಶಕ್ತಿ ಸಾಲದು. ಗದ್ದೆಗೂ ಹೋಗಬೇಕು, ಕಟ್ಟಿಗೆಯೂ ಹೊರಬೇಕು. ಹಾಗಾಗಿ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ, ಕಾಳು, ಮೊಸರು ಒಂದು ಬಟ್ಟಲಲ್ಲಿ ತೆಗೆದಿಡಿ. ಮಗಳ ಪಾಲೂ ಮಗನಷ್ಟೇ ಇರಲಿ. ಆದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.

ಯಾರಾದರೂ ಕೇಳಿದರೆ ಹೇಳಿ: "ನನ್ನ ಹೊಟ್ಟೆಯಲ್ಲೂ ಕೆಲಸಗಾರರು ಇದ್ದಾರೆ. ಅವರನ್ನು ಉಪವಾಸ ಕೆಡವಲಾರೆ."