ಕನಸಿನ ಕಟಕಟೆ



ಶಾಸನಗಳೂ ಜನಪದ ಕಾವ್ಯಗಳೂ ತುಂಬಿರುವ ಈ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ನಿಂತು ನಾನು ಕನಸಿನ ಬಗ್ಗೆ, ಅದರಲ್ಲೂ ಕೋರ್ಟಿನ ಕನಸಿನ ಬಗ್ಗೆ ಮಾತಾಡಲು ಹೊರಟಿದ್ದೇನೆ. ಎದ್ದ ಮೇಲೂ ಅರ್ಧ ದಿನ ಎದೆಯ ಮೇಲೆ ಕೂರುವ ಕನಸು ಇದು. ನ್ಯಾಯ ಎಂದರೆ ನಾವು ಏನೆಂದುಕೊಂಡಿದ್ದೇವೆ ಎಂಬುದೂ ಇದರಲ್ಲಿ ಸಿಕ್ಕುತ್ತದೆ.

1

ಕೋರ್ಟಿನ ವರಾಂಡವನ್ನು ನೀವೆಲ್ಲ ಕಂಡಿದ್ದೀರಿ. ತಳಕು, ಪರಶುರಾಂಪುರ, ನಾಯಕನಹಟ್ಟಿ ಕಡೆಯ ಬಸ್ಸಿಳಿದು ಬಂದವರು ಗೋಡೆಗೊರಗಿ ನಿಂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಪಹಣಿ, ಆಧಾರ್ ಜೆರಾಕ್ಸ್, ಮಡಿಚಿ ಮಡಿಚಿ ಹರಿದ ಹಳೆಯ ಕ್ರಯಪತ್ರ. ಒಳಗಿನಿಂದ ಹೆಸರು ಕೂಗುತ್ತಾರೆ. ಕೂಗಿದಾಗ ಎಲ್ಲಿ ಕೇಳಿಸದೆ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ಚಹಾಕ್ಕೂ ಹೋಗದವರಿದ್ದಾರೆ. ಹೊತ್ತು ಇಳಿದಾಗ ಬಹಳ ಸಲ ಸಿಗುವುದು ಇನ್ನೊಂದು ವಾಯಿದೆ.

ಕನಸಿನ ಕೋರ್ಟೂ ಹೀಗೇ ಶುರುವಾಗುತ್ತದೆ, ಆದರೆ ಬೇಗ ದಾರಿ ತಪ್ಪುತ್ತದೆ. ಹೆಸರು ಕೂಗುತ್ತಾರೆ, ಓಗೊಡಲು ದನಿ ಹೊರಡುವುದಿಲ್ಲ. ಕವರಿನಿಂದ ಪಹಣಿ ತೆಗೆದರೆ ಅದರಲ್ಲಿ ಯಾರದೋ ಹೆಸರು. ವಕೀಲರಿಲ್ಲ. ಆರೋಪ ಏನೆಂದು ಯಾರೂ ಹೇಳುವುದಿಲ್ಲ, ಆದರೂ ನೋಡುವವರೆಲ್ಲ ನಮ್ಮನ್ನು ತಪ್ಪಿತಸ್ಥರಂತೆ ನೋಡುತ್ತಾರೆ. ತೀರ್ಪಿಗೆ ಮೊದಲೇ ಎಚ್ಚರವಾಗುತ್ತದೆ. ಕೋರ್ಟಿನ ಮೆಟ್ಟಿಲು ಹತ್ತದವರಿಗೂ ಈ ಕನಸು ಬೇರೆ ವೇಷದಲ್ಲಿ ಬೀಳುತ್ತದೆ. ಮೊಳಕಾಲ್ಮುರಿನ ನೇಕಾರನಿಗೆ ಸೀರೆ ಬಿಡಿಸಿ ಅಂಚಿನಲ್ಲಿ ತಪ್ಪು ಹುಡುಕುವ ವ್ಯಾಪಾರಿ ಕಾಣಬಹುದು. ಶೇಂಗಾ ಕೈಕೊಟ್ಟ ರೈತನಿಗೆ ಸಾಲದ ನೋಟಿಸು ಹಿಡಿದ ಅಧಿಕಾರಿ.

ಫ್ರಾನ್ಜ್ ಕಾಫ್ಕ 1914–15ರಲ್ಲಿ ಬರೆದ ‘ದಿ ಟ್ರಯಲ್’ ಕಾದಂಬರಿ ಅವನು ತೀರಿಕೊಂಡ ಮೇಲೆ 1925ರಲ್ಲಿ ಅಚ್ಚಾಯಿತು. ಆರೋಪವೇನೆಂದು ತಿಳಿಯದೆಯೇ ವಿಚಾರಣೆಗೆ ಸಿಕ್ಕವನ ಕಥೆ ಅದು. ಜಗತ್ತಿನ ಓದುಗರು ಅದನ್ನು ತಮ್ಮದೆಂದು ಒಪ್ಪಿಕೊಳ್ಳಲು ಈ ಕನಸಿನ ಪರಿಚಯವೂ ಕಾರಣವಿರಬೇಕು.

2

ಕನಸು ಬಿದ್ದರೆ ನಮ್ಮಲ್ಲಿ ಮೊದಲು ಕೇಳುವುದು ಫಲ. ಈ ಕುತೂಹಲಕ್ಕೆ ನಮ್ಮ ವೈದ್ಯಶಾಸ್ತ್ರವೇ ಕಡಿವಾಣ ಹಾಕಿತ್ತು. ಚರಕಸಂಹಿತೆಯ ಇಂದ್ರಿಯಸ್ಥಾನವು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ತೋರುವುದು, ವಾತ-ಪಿತ್ತ-ಕಫಗಳ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಎನ್ನುತ್ತದೆ. ಕೋರ್ಟನ್ನು ಕಂಡೋ ಕೇಳಿಯೋ ಅನುಭವಿಸಿಯೋ ಬಿದ್ದ ಕನಸಿಗೆ ಶಾಂತಿ ಮಾಡಿಸುವ ಗೊಡವೆಯೇ ಬೇಡ.

ಮನೋವಿಶ್ಲೇಷಕ ಫ್ರಾಯ್ಡ್ 1900ರ ತನ್ನ ಕನಸಿನ ಗ್ರಂಥದಲ್ಲಿ ಕೋರ್ಟಿನ ಕನಸನ್ನೇ ಹೋಲುವ ಪರೀಕ್ಷೆಯ ಕನಸನ್ನು ಚರ್ಚಿಸಿದ್ದಾನೆ. ಎಂದೋ ಪಾಸಾದ ಪರೀಕ್ಷೆಯಲ್ಲೇ ಮತ್ತೆ ಫೇಲಾದಂತೆ ಜನ ಕನಸು ಕಾಣುತ್ತಾರೆ. ನಾಳೆ ಹೊರಬೇಕಾದ ಹೊಣೆಯ ಅಳುಕು ಹಳೆಯ ಪರೀಕ್ಷೆಯ ರೂಪ ತಾಳುತ್ತದೆ ಎಂಬುದು ಅವನ ವಿವರಣೆ. ಪ್ಯಾರಿಸಿನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ 719 ವಿದ್ಯಾರ್ಥಿಗಳನ್ನು ವಿಚಾರಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ನೂರಕ್ಕೆ ಅರವತ್ತು ಮಂದಿ ಹಿಂದಿನ ರಾತ್ರಿಯೇ ಪರೀಕ್ಷೆಯ ಕನಸು ಕಂಡಿದ್ದರು, ಹೆಚ್ಚಿನವು ಕೆಟ್ಟ ಕನಸುಗಳೇ. ಆದರೆ ಅಂಥ ಕನಸು ಕಂಡವರೇ ಹೆಚ್ಚು ಅಂಕ ಪಡೆದಿದ್ದರು. ಕನಸಿನಲ್ಲಿ ಸೋತವರೆಲ್ಲ ಹಗಲಿನಲ್ಲಿ ಸೋಲಲಿಲ್ಲ.

3

ಹಾಗಾದರೆ ಕೇಳಬೇಕಾದ್ದು ಫಲವನ್ನಲ್ಲ. ಪೀಠದ ಮೇಲೆ ಕೂತವರು ಯಾರು ಎಂದು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳು, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿ, ಗುರುವನ್ನು ಗೌರವಿಸು ಎಂಬುದು ಅಲ್ಲಿನ ಉಪದೇಶದ ಸಾರ. ಎರಡು ಸಾವಿರ ವರ್ಷಕ್ಕೂ ಮೇಲಾಯಿತು. ಇಂದಿಗೂ ಮಗುವಿನ ಮನಸ್ಸಿನಲ್ಲಿ ನ್ಯಾಯಾಧೀಶನನ್ನು ಕೂರಿಸುವುದು ಈ ಮಾತುಗಳೇ. ತಂದೆತಾಯಿಯ, ಹಿರಿಯರ ದನಿಯೇ ಒಳಗಿಳಿದು ನಮ್ಮನ್ನು ಕಾಯುವ, ಗದರುವ ಅಧಿಕಾರವಾಗುತ್ತದೆ ಎಂದು ಫ್ರಾಯ್ಡ್ 1923ರಲ್ಲಿ ವಿವರಿಸಿದ. ಕನಸಿನ ನ್ಯಾಯಾಧೀಶರ ಮುಖ ನೆನಪಾಗದಿದ್ದರೂ ದನಿ ಗುರುತು ಹತ್ತುತ್ತದೆ. ‘ಯಾಕ್ಲಾ ಹಿಂಗ್ ಮಾಡ್ದೆ?’ ಎಂದು ಎಂದೋ ತೀರಿಹೋದ ಅಪ್ಪ ಕೇಳಿದ ದನಿ ಅದು.

ಬಂಡೆಯ ಮೇಲಿನ ಪಟ್ಟಿಯಲ್ಲಿ ದಯೆಯೂ ಇದೆ. ಕನಸಿನ ಪೀಠ ಮರೆಯುವುದು ಅದೊಂದನ್ನೇ.

4

ಈ ಸೀಮೆಗೆ ನ್ಯಾಯದ ಇನ್ನೊಂದು ನೆನಪೂ ಇದೆ. ಇಲ್ಲಿನ ಮ್ಯಾಸನಾಯಕ, ಕಾಡುಗೊಲ್ಲ ಸಮುದಾಯಗಳಲ್ಲಿ ಕಟ್ಟೆಮನೆಗಳು ಕುಲದ ನ್ಯಾಯಸ್ಥಾನಗಳೂ ಆಗಿದ್ದವು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆ ಹೆಸರಾದದ್ದು. ಯಜಮಾನರು ಕುಲದ ಎದುರಿಗೇ ವಿಚಾರಿಸುತ್ತಿದ್ದರು. ತಪ್ಪು ಮಾಡಿದವನು ಕುಲದಿಂದ ಹೊರಗಾಗಬಹುದಿತ್ತು. ತಪ್ಪುಕಾಣಿಕೆ ಇಟ್ಟು, ಶುದ್ಧಿ ಮಾಡಿಸಿಕೊಂಡು ಮತ್ತೆ ಒಳಗೆ ಬರಲು ದಾರಿಯೂ ಇತ್ತು. ಕನಸಿನ ಕೋರ್ಟಿನಲ್ಲಿ ಇಲ್ಲದಿರುವುದು ಈ ದಾರಿ. ಅಲ್ಲಿ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ವಾಯಿದೆ ಮುಂದೆ ಹೋಗುತ್ತಲೇ ಇರುತ್ತದೆ.

ಕಟ್ಟೆಮನೆಯನ್ನು ಹೊಗಳಿ ಕೂರುವ ಮನಸ್ಸು ನನಗಿಲ್ಲ. ಅಲ್ಲಿ ತೀರ್ಪು ಹೇಳುವವರು ಗಂಡಸರು. ಹಟ್ಟಿಯ ಹೊರಗೆ ಕೂರುವ ಸರದಿ ಮುಟ್ಟಾದ ಹೆಣ್ಣುಮಕ್ಕಳದು, ಬಾಣಂತಿಯರದು. ಯಾವ ತಪ್ಪೂ ಇಲ್ಲದೆ ಅನುಭವಿಸುವ ಶಿಕ್ಷೆ ಅದು. ಹಾಗೆ ಹೊರಗಿಡುವುದನ್ನು 2017ರ ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳ ತಡೆ ಕಾಯ್ದೆ ಅಪರಾಧ ಎಂದಿದೆ. ಆರೋಪವಿಲ್ಲದ ವಿಚಾರಣೆ ಆ ಹೆಣ್ಣುಮಕ್ಕಳ ಪಾಲಿಗೆ ಹಗಲಿನ ಸಂಗತಿ.

ಇಲ್ಲೇ ಕನಸಿನಿಂದಲೂ ಒಂದು ಅಪಾಯವಿದೆ. ‘ಕನಸ್ನಾಗೆ ದ್ಯಾವ್ರು ಬಂದು ಹೇಳ್ತು, ಮನೇಲಿ ಮೈಲಿಗೆ ಆಗೈತಂತೆ’ ಎಂಬ ಒಂದು ಮಾತು ಸಾಕು, ಯಾರಾದರೂ ಹೆಣ್ಣುಮಗಳ ಕಡೆ ಬೆರಳು ತಿರುಗುತ್ತದೆ. ಒಬ್ಬನ ಅಂಜಿಕೆ ಇನ್ನೊಬ್ಬಳ ಮೇಲಿನ ಆರೋಪವಾಗುತ್ತದೆ. ನಮ್ಮ 1872ರ ಸಾಕ್ಷ್ಯ ಕಾನೂನಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಕಣ್ಣಾರೆ ಕಂಡವನೇ ಬಂದು ಹೇಳಬೇಕು ಎಂಬ ನಿಯಮ ಎರಡರಲ್ಲೂ ಇದೆ. ಕನಸಿಗೂ ಒಂದು ನಿಯಮ ಮಾಡಿಕೊಳ್ಳೋಣ: ಅದು ಕಂಡವನ ಬಗ್ಗೆ ಮಾತ್ರ ಸಾಕ್ಷಿ ಹೇಳಬಲ್ಲದು, ಬೇರೆಯವರ ಬಗ್ಗೆ ಅಲ್ಲ.

5

ಪದೇ ಪದೇ ಕಾಡುವ ಕೆಟ್ಟ ಕನಸಿಗೆ ವೈದ್ಯರಲ್ಲಿ ಒಂದು ಸರಳ ಉಪಾಯವಿದೆ. ಎಚ್ಚರವಿರುವಾಗ ಆ ಕನಸನ್ನು ಬರೆದು, ಕೊನೆಯನ್ನು ತನಗೆ ಬೇಕಾದಂತೆ ಬದಲಿಸಿ, ಹೊಸ ಕನಸನ್ನು ದಿನವೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ನಡೆಸಿ ನೋಡುವುದು. ಇದರಿಂದ ದುಃಸ್ವಪ್ನಗಳು ಕಡಿಮೆಯಾಗುತ್ತವೆಂದು 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಿದ್ದೆಯೇ ಕೆಡುವಷ್ಟಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕೋರ್ಟಿನ ಕನಸು ಕಂಡವರು ಬರೆಯಬೇಕಾದ ಕೊನೆ ಖುಲಾಸೆಯೇ ಆಗಬೇಕಿಲ್ಲ. ಆರೋಪವೇನು ಎಂದು ಕೇಳಿ, ಹೊರಡದೆ ಹೋದ ಉತ್ತರವನ್ನು ಹೇಳಿ ಮುಗಿಸಿದರೆ ಸಾಕು. ಉತ್ತರ ಬರೆಯುವಾಗ ನಿಜವಾಗಿಯೂ ಯಾರಿಗೋ ಬಾಕಿಯಿದೆ ಎಂದು ಕಂಡರೆ ಹೋಗಿ ತೀರಿಸಬಹುದು. ತಮ್ಮನ ಪಾಲಿನ ಜಮೀನಾದರೂ ಸರಿ, ಹೇಳದೆ ಉಳಿಸಿಕೊಂಡ ಕ್ಷಮೆಯಾದರೂ ಸರಿ. ಬಾಕಿಯೇನೂ ಕಾಣದಿದ್ದರೆ ಆ ಕೇಸನ್ನು ವಜಾ ಮಾಡುವ ಅಧಿಕಾರ ನಮಗೇ ಇದೆ. ಪೀಠದ ಮೇಲಿದ್ದವರೂ ನಾವೇ ತಾನೆ?